ಇಳಕಲ್ ಸೀರೆ ಮಾರಲು ಒಂದು ಪುಟ: ಯಾವ ಬಿಲ್ಡರ್ ತಗೊಳ್ಳಬೇಕು?

ಪ್ರಶ್ನೆ: ನಮ್ಮದು ಇಳಕಲ್‌ನಾಗ ಸೀರೆ ವ್ಯಾಪಾರ. ಮನ್ಯಾಗ ನಾಲ್ಕು ಕೈಮಗ್ಗ ಅದಾವ, ಉಳಿದ ಮಾಲು ಪರಿಚಯದ ನೇಕಾರರಿಂದ ಬರ್ತದ. ಇಷ್ಟು ದಿನ ವಾಟ್ಸಾಪ್ ಮ್ಯಾಲೇ ಮಾರಾಟ ಮಾಡೀವಿ. ದೀಪಾವಳಿಗೆ ಮುಂಚೆ ಇನ್‌ಸ್ಟಾಗ್ರಾಮ್‌ನಾಗ ಜಾಹೀರಾತು ಕೊಡಬೇಕಂತ ಅದೇವಿ. ಅದಕ್ಕೊಂದು ಲ್ಯಾಂಡಿಂಗ್ ಪೇಜ್, ಅಂದ್ರ ಜಾಹೀರಾತು ಒತ್ತಿದವರು ಬಂದು ಇಳಿಯೋ ಪುಟ, ಬೇಕಂತ ಹೇಳಿ ಬಾಗಲಕೋಟೆಯವರೊಬ್ಬರು 25 ಸಾವಿರ ಕೇಳ್ಯಾರ. ಮಗ ತಾನೇ ಮಾಡ್ತೀನಿ ಅಂತಾನ. ಗೂಗಲ್ ಸೈಟ್ಸ್, ವಿಕ್ಸ್, ವರ್ಡ್‌ಪ್ರೆಸ್ ಅಂತ ಹೆಸರು ಹೇಳ್ತಾನ. ಯಾವುದು ಬರೋಬ್ಬರಿ? ಗಿರಾಕಿಗಳೊಳಗ ಅರ್ಧ ಮಂದಿ ಸೋಲಾಪುರ, ಕೊಲ್ಹಾಪುರ ಕಡೆಯವರು.

ಉತ್ತರ: ನಿಮಗೆ ಕಾರ್ಡ್ (Carrd) ಎಂಬಂಥ ಒಂದೇ ಪುಟದ ಬಿಲ್ಡರ್, ಅಂದರೆ ಕೋಡ್ ಬರೆಯದೆ ವೆಬ್ ಪುಟ ಕಟ್ಟುವ ಸಾಧನ, ಸಾಕು. ಇಂಗ್ಲಿಷಿನಲ್ಲಿ ಅದರ ಹೆಸರಿಗೆ ಎರಡು ಆರ್ ಇವೆ, ಹುಡುಕುವಾಗ ನೆನಪಿರಲಿ. ಅದರ ಜೊತೆ ನಿಮ್ಮದೇ ಹೆಸರಿನಲ್ಲಿ ಕೊಂಡ ಒಂದು ಡಾಟ್ ಇನ್ ವೆಬ್ ವಿಳಾಸ (ಡೊಮೇನ್) ಮತ್ತು ವಾಟ್ಸಾಪ್ ಬಿಸಿನೆಸ್‌ಗೆ ಹೋಗುವ ಒಂದು ಬಟನ್ ಇದ್ದರೆ ಕೆಲಸ ಆಯಿತು. ಎಲ್ಲ ಸೇರಿ ವರ್ಷಕ್ಕೆ ಮೂರು ಸಾವಿರದ ಆಸುಪಾಸು. ಮಗ ಎರಡು ದಿನ ಕೂತರೆ ಮುಗಿಯುವ ಕೆಲಸವಿದು. 25 ಸಾವಿರದಲ್ಲಿ ಉಳಿಯುವ ಹಣದಿಂದ ಒಳ್ಳೆಯ ಫೋಟೊ ತೆಗೆಸಿ. ಸೀರೆ ಮಾರುವುದು ಫೋಟೊ, ಟೆಂಪ್ಲೇಟ್ ಅಲ್ಲ.

ಅದಕ್ಕೂ ಮೊದಲು ಪುಟ ನಿಮಗೆ ಬೇಕೇ ಎಂದು ನೋಡಿ. ಇನ್‌ಸ್ಟಾಗ್ರಾಮ್, ವಾಟ್ಸಾಪ್ ಎರಡರ ಒಡೆತನದ ಮೆಟಾ ಕಂಪನಿಯ ಜಾಹೀರಾತುಗಳಲ್ಲಿ ಒತ್ತಿದ ಕೂಡಲೇ ನೇರ ವಾಟ್ಸಾಪ್ ಚಾಟ್ ತೆರೆಯುವ ಬಗೆಯೊಂದಿದೆ. ಅದಕ್ಕೆ ಪುಟವೇ ಬೇಡ. ಮೊದಲ ವಾರ ಅದನ್ನೇ ಹಾಕಿ ನೋಡಬಹುದು. ಆದರೆ ಅದರಲ್ಲಿ ಬರುವ ಮೆಸೇಜುಗಳಲ್ಲಿ ಬಹುಪಾಲು ‘ರೇಟ್ ಎಷ್ಟ್ರಿ?’ ಎಂದು ಕೇಳಿ ಸುಮ್ಮನಾಗುವಂಥವು. ದಿನಕ್ಕೆ ನಲವತ್ತು ಜನರಿಗೆ ಅದೇ ಉತ್ತರ ಟೈಪ್ ಮಾಡುವವರು ಮನೆಯಲ್ಲಿ ಇರಬೇಕಾಗುತ್ತದೆ. ಬೆಲೆ, ಅಳತೆ, ಕೈಮಗ್ಗವೋ ಪವರ್‌ಲೂಮೋ, ಎಷ್ಟು ದಿನಕ್ಕೆ ತಲುಪುತ್ತದೆ ಎಂಬುದನ್ನೆಲ್ಲ ಪುಟವೇ ಹೇಳಿಬಿಟ್ಟರೆ ನಿಮ್ಮ ಹತ್ತಿರ ಬರುವವರು ಕೊಳ್ಳುವ ಮನಸ್ಸು ಮಾಡಿ ಬಂದವರಾಗಿರುತ್ತಾರೆ. ಇನ್ನೊಂದು ಕಾರಣವೂ ಇದೆ. ಮುಂದೆ ಪೇಮೆಂಟ್ ಗೇಟ್‌ವೇಗೆ (ಆನ್‌ಲೈನ್‌ನಲ್ಲಿ ಹಣ ಪಡೆದುಕೊಡುವ ಸೇವೆಗೆ) ಅರ್ಜಿ ಹಾಕಿದಾಗ ಅವರು ವೆಬ್ ವಿಳಾಸ ಕೇಳುತ್ತಾರೆ.

ಈಗ ಮಗ ಹೇಳಿದ ಹೆಸರುಗಳಿಗೆ ಬರೋಣ.

ಗೂಗಲ್ ಸೈಟ್ಸ್ ಪೂರ್ತಿ ಉಚಿತ, ಸ್ವಂತ ಡೊಮೇನ್ ಜೋಡಿಸಬಹುದು, ಕನ್ನಡವೂ ಚೆನ್ನಾಗಿ ಕಾಣುತ್ತದೆ. ಅದರ ಕೊರತೆ ಒಂದೇ, ಆದರೆ ನಿಮಗೆ ಅದೇ ದೊಡ್ಡದು. ಪುಟದ ತಲೆಭಾಗಕ್ಕೆ ಹೊರಗಿನ ಕೋಡ್ ಹಾಕಲು ಅದು ಬಿಡುವುದಿಲ್ಲ. ಇನ್‌ಸ್ಟಾಗ್ರಾಮ್ ಜಾಹೀರಾತಿನಿಂದ ಯಾರು ಬಂದರು, ಯಾರು ಬಟನ್ ಒತ್ತಿದರು ಎಂದು ತಿಳಿಸುವ ಮೆಟಾ ಪಿಕ್ಸೆಲ್ ಎಂಬ ಚಿಕ್ಕ ಕೋಡ್ ಕೂರಬೇಕಾದ್ದು ಅಲ್ಲಿಯೇ. ಪಿಕ್ಸೆಲ್ ಇದ್ದರೆ ಜಾಹೀರಾತಿನ ಗುರಿಯನ್ನು ‘ಲಿಂಕ್ ಕ್ಲಿಕ್ಸ್’ ಬದಲು ‘ಲ್ಯಾಂಡಿಂಗ್ ಪೇಜ್ ವ್ಯೂಸ್’ ಎಂದು ಇಡಬಹುದು. ಬೆರಳು ತಾಗಿ ಒತ್ತಿದವರನ್ನು ಬಿಟ್ಟು, ಪುಟ ತೆರೆಯುವ ತನಕ ಕಾಯುವಂಥ ಜನರನ್ನು ಮೆಟಾ ಹುಡುಕಿ ತರುತ್ತದೆ. ಜಾಹೀರಾತಿಗೆ ದುಡ್ಡು ಹಾಕದವರಿಗೆ, ಬರೀ ಪಾರ್ಸೆಲ್ ಮೇಲಿನ ಕ್ಯೂಆರ್‌ಗೆ ಒಂದು ಪುಟ ಸಾಕು ಎನ್ನುವವರಿಗೆ ಗೂಗಲ್ ಸೈಟ್ಸ್ ಒಳ್ಳೆಯದೇ. ಗೂಗಲ್ ಬಿಸಿನೆಸ್ ಪ್ರೊಫೈಲ್ ಒಳಗೇ ಉಚಿತ ವೆಬ್‌ಸೈಟ್ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು. ಆ ಸೌಲಭ್ಯವನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿದೆ. ಉಚಿತವಾಗಿ ಸಿಕ್ಕಿದ್ದು ಉಚಿತವಾಗಿಯೇ ಹೋಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ವಿಕ್ಸ್ ನೋಡಲು ಚೆಂದ. ಉಚಿತ ಹಂತದಲ್ಲಿ ಮೇಲೆ ವಿಕ್ಸ್‌ನ ಜಾಹೀರಾತು ಪಟ್ಟಿ ಇರುತ್ತದೆ, ಸ್ವಂತ ಡೊಮೇನ್ ಜೋಡಿಸಲು ಆಗದು. ಹಣ ಕಟ್ಟಿದರೆ ಎರಡೂ ಸರಿಹೋಗುತ್ತವೆ. ಆದರೆ ಅಲ್ಲಿ ಕಟ್ಟಿದ ಪುಟವನ್ನು ಹೊರತೆಗೆದು ಬೇರೆ ಕಡೆ ಇಡಲು ದಾರಿ ಇಲ್ಲ. ಬಿಟ್ಟರೆ ಹೊಸದಾಗಿ ಕಟ್ಟಬೇಕು. ಜೊತೆಗೆ ಅದರ ಮಾಮೂಲಿ ಎಡಿಟರ್‌ನಲ್ಲಿ ಕಂಪ್ಯೂಟರ್ ನೋಟ ಸರಿ ಮಾಡಿದ ಮೇಲೆ ಮೊಬೈಲ್ ನೋಟವನ್ನು ಬೇರೆಯಾಗಿ ಹೊಂದಿಸಬೇಕು. ಅದನ್ನು ಮರೆತವರ ಪುಟದಲ್ಲಿ ಸೀರೆಯ ಮೇಲೆ ಅಕ್ಷರ, ಅಕ್ಷರದ ಮೇಲೆ ಬಟನ್ ಕೂತಿರುತ್ತದೆ. ನಿಮ್ಮ ಗಿರಾಕಿ ಬರುವುದು ಮೊಬೈಲಿನಿಂದಲೇ.

ವರ್ಡ್‌ಪ್ರೆಸ್ ಗಟ್ಟಿ ಸಾಧನ, ಒಂದು ಪುಟಕ್ಕೆ ಹೆಚ್ಚಾಯಿತು. ಹೋಸ್ಟಿಂಗ್ (ಸೈಟ್ ಇಡಲು ಸರ್ವರ್‌ನಲ್ಲಿ ಜಾಗ) ಕೊಳ್ಳಬೇಕು, ಥೀಮ್ (ಸೈಟಿನ ವಿನ್ಯಾಸ) ಮತ್ತು ಪ್ಲಗಿನ್‌ಗಳನ್ನು (ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳನ್ನು) ಆಗಾಗ ಅಪ್‌ಡೇಟ್ ಮಾಡಬೇಕು, ಬ್ಯಾಕಪ್ ಇಡಬೇಕು. ಆರು ತಿಂಗಳು ಅಪ್‌ಡೇಟ್ ಬಿಟ್ಟ ಪ್ಲಗಿನ್ ಮೂಲಕವೇ ಸೈಟ್‌ಗಳು ಹ್ಯಾಕ್ ಆಗುವುದು. ಫಾರ್ಮ್ ತುಂಬಿದವರ ವಿವರ ಮೇಲ್‌ಗೆ ಬಾರದೇ ಹೋಗುವುದು ಇನ್ನೊಂದು ಸಾಮಾನ್ಯ ರೋಗ. ಹೋಸ್ಟಿಂಗ್ ಸರ್ವರ್‌ನಿಂದ ನೇರ ಹೊರಟ ಮೇಲ್ ಅನ್ನು ಜಿಮೇಲ್ ಸ್ಪ್ಯಾಮ್‌ಗೆ ತಳ್ಳುತ್ತದೆ ಅಥವಾ ನುಂಗಿಬಿಡುತ್ತದೆ. ಅದಕ್ಕೆ ಎಸ್‌ಎಂಟಿಪಿ, ಅಂದರೆ ಸರಿಯಾದ ಮೇಲ್ ಖಾತೆಯ ಮೂಲಕ ಮೇಲ್ ಕಳಿಸುವ ವ್ಯವಸ್ಥೆ, ಜೋಡಿಸಬೇಕು ಎಂದು ಹೇಳುವವರು ಕಡಿಮೆ. ಮಗನಿಗೆ ಈ ಕೆಲಸದಲ್ಲಿ ಆಸಕ್ತಿ ಇದ್ದು, ಮುಂದೆ ನಲವತ್ತು ಐವತ್ತು ಬಗೆಯ ಸೀರೆ ಇಡುವ ಯೋಚನೆ ಇದ್ದರೆ ಆಗ ವರ್ಡ್‌ಪ್ರೆಸ್.

ಅನ್‌ಬೌನ್ಸ್, ಇನ್‌ಸ್ಟಾಪೇಜ್ ಎಂಬ ಹೆಸರುಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ. ತಿಂಗಳಿಗೆ ಸಾವಿರಾರು ರೂಪಾಯಿಯ ಸಾಧನಗಳವು, ಹತ್ತು ಜಾಹೀರಾತಿಗೆ ಹತ್ತು ಪುಟ ಮಾಡಿ ತಾಳೆ ನೋಡುವ ಕಂಪನಿಗಳಿಗೆ. ಬಿಡಿ.

ಕಾರ್ಡ್‌ನ ಪ್ರೊ ಸ್ಟ್ಯಾಂಡರ್ಡ್ ಹಂತಕ್ಕೆ ವರ್ಷಕ್ಕೆ 19 ಡಾಲರ್, ತೆರಿಗೆ ಸೇರಿ ಎರಡು ಸಾವಿರದ ಆಚೀಚೆ. ಅದರಲ್ಲಿ ಹತ್ತು ಪುಟಗಳ ತನಕ ಮಾಡಬಹುದು, ಸ್ವಂತ ಡೊಮೇನ್ ಜೋಡಿಸಬಹುದು, ಪಿಕ್ಸೆಲ್ ಕೋಡ್ ಕೂರಿಸಬಹುದು. ಅದಕ್ಕಿಂತ ಕೆಳಗಿನ ಅಗ್ಗದ ಹಂತದಲ್ಲಿ ಸ್ವಂತ ಡೊಮೇನ್ ಇಲ್ಲ, ಆದ್ದರಿಂದ ಅದು ನಿಮಗಲ್ಲ. ಒಂದು ತೊಡಕು ಗಮನದಲ್ಲಿರಲಿ: ಹಣ ಹೋಗುವುದು ವಿದೇಶಕ್ಕೆ. ನಮ್ಮ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಆನ್‌ಲೈನ್ ಪಾವತಿ ಸಾಮಾನ್ಯವಾಗಿ ಬಂದ್ ಇರುತ್ತದೆ, ಬ್ಯಾಂಕ್ ಆಪ್‌ನಲ್ಲಿ ತೆರೆಯಬೇಕು. ಮುಂದಿನ ವರ್ಷದ ಆಟೊ ನವೀಕರಣವೂ ಹಲವು ಸಲ ಸದ್ದಿಲ್ಲದೆ ವಿಫಲವಾಗುತ್ತದೆ. ಈಗ ದೀಪಾವಳಿಗೆ ಕೊಂಡರೆ ಮುಂದಿನ ದೀಪಾವಳಿ ಹೊತ್ತಿಗೇ ಪುಟ ಬಂದ್ ಆಗುವ ಅಪಾಯವಿದೆ. ನವೀಕರಣದ ದಿನಕ್ಕೆ ಮೂರು ವಾರ ಮುಂಚೆ ಫೋನ್‌ನಲ್ಲಿ ರಿಮೈಂಡರ್ ಇಡಿ. ರೂಪಾಯಿಯಲ್ಲೇ ಬಿಲ್, ಜಿಎಸ್‌ಟಿ ಇನ್‌ವಾಯ್ಸ್ ಬೇಕೆಂದರೆ ಜೋಹೊ ಕಂಪನಿಯ ಬಿಲ್ಡರ್‌ಗಳನ್ನು ನೋಡಬಹುದು.

ಕೊಳ್ಳುವ ಮುಂಚೆ ಒಂದು ಸಂಜೆಯ ಪರೀಕ್ಷೆ

ಹೆಸರು ಕೇಳಿ ಆರಿಸುವ ಬದಲು ಮಗನಿಗೆ ಹೀಗೆ ಮಾಡಲು ಹೇಳಿ. ಎರಡು ಮೂರು ಬಿಲ್ಡರ್‌ಗಳ ಉಚಿತ ಖಾತೆ ತೆರೆದು, ಎಲ್ಲದರಲ್ಲೂ ಅದೇ ಮೂರು ಫೋಟೊ, ಅದೇ ನೂರಿಪ್ಪತ್ತು ಪದಗಳ ಕನ್ನಡ ಬರಹ ಹಾಕಿ ಪ್ರಕಟಿಸಲಿ. ಆಮೇಲೆ ಮನೆಯಲ್ಲಿರುವ ಅತಿ ಅಗ್ಗದ ಆಂಡ್ರಾಯ್ಡ್ ಫೋನ್ ತಗೊಂಡು, ವೈಫೈ ಬಂದ್ ಮಾಡಿ, ಸಂಜೆ ಎಂಟರ ಹೊತ್ತಿಗೆ ಮೊಬೈಲ್ ಡೇಟಾದಲ್ಲಿ ಲಿಂಕ್ ತೆರೆಯಲಿ. ಲಿಂಕನ್ನು ಇನ್‌ಸ್ಟಾಗ್ರಾಮ್ ಮೆಸೇಜಿನಲ್ಲಿ ಕಳಿಸಿಕೊಂಡು ಅಲ್ಲಿಂದಲೇ ಒತ್ತಬೇಕು. ಇನ್‌ಸ್ಟಾಗ್ರಾಮ್ ಲಿಂಕನ್ನು ತನ್ನೊಳಗಿನ ಬ್ರೌಸರ್‌ನಲ್ಲಿ ತೆರೆಯುತ್ತದೆ. ಕ್ರೋಮ್‌ನಲ್ಲಿ ಸರಿ ಇದ್ದ ಪುಟ, ಅದರಲ್ಲೂ ಯುಪಿಐ ಆಪ್‌ಗೆ ಜಿಗಿಯುವ ಬಟನ್, ಅಲ್ಲಿ ಕೈಕೊಡಬಹುದು.

ಬರಹದಲ್ಲಿ ‘ಸ್ತ್ರೀ’, ‘ರಾಷ್ಟ್ರ’, ‘ಕೈಮಗ್ಗದ ವಸ್ತ್ರ’ದಂಥ ಒತ್ತಿನ ಮೇಲೆ ಒತ್ತು ಇರುವ ಪದಗಳು ಇರಲಿ. ಹೆಚ್ಚಿನ ಟೆಂಪ್ಲೇಟ್‌ಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿರುತ್ತಾರೆ. ತಲೆಬರಹದ ಸಾಲಿನ ಎತ್ತರ ಅಕ್ಷರದ 1.1 ಅಥವಾ 1.2 ಪಟ್ಟು ಮಾತ್ರ. ಕನ್ನಡದ ಒತ್ತಕ್ಷರ ಕೆಳಗಿಳಿಯುವುದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಇಲ್ಲವೇ ಕತ್ತರಿಸಿಹೋಗುತ್ತದೆ. ತಲೆಬರಹಕ್ಕೆ 1.4, ಒಳಬರಹಕ್ಕೆ 1.6ರಿಂದ 1.7 ಇಡಲು ಬಿಲ್ಡರ್ ಬಿಡಬೇಕು. ಅಕ್ಷರಗಳ ನಡುವಿನ ಅಂತರ ಸೊನ್ನೆಗೆ ಇಳಿಸಿ. ಇಂಗ್ಲಿಷಿಗೆ ಅಂದವೆಂದು ಹಾಕಿದ ಎರಡು ಪಿಕ್ಸೆಲ್ ಅಂತರ ಕನ್ನಡ ಪದವನ್ನು ಹರಿದು ಬಿಡಿ ಅಕ್ಷರ ಮಾಡುತ್ತದೆ. ಫಾಂಟ್ ಪಟ್ಟಿಯಲ್ಲಿ ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಸಿಕ್ಕರೆ ಒಳ್ಳೆಯದು. ಸಿಗದಿದ್ದರೂ ಚಿಂತೆ ಇಲ್ಲ, ಫೋನ್ ತನ್ನಲ್ಲಿರುವ ಕನ್ನಡ ಫಾಂಟ್‌ನಲ್ಲೇ ತೋರಿಸುತ್ತದೆ, ಪುಟವೂ ಹಗುರಾಗುತ್ತದೆ.

ಬರಹವನ್ನು ಡಿಟಿಪಿ ಅಂಗಡಿಯಿಂದ ತರುವಿರಾದರೆ ಎಚ್ಚರ. ನುಡಿ ಅಥವಾ ಶ್ರೀಲಿಪಿಯ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ್ದನ್ನು ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿಯೇ ಕೊಡಿ ಎನ್ನಿ. ಅದಕ್ಕಿಂತ ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ನೀವೇ ಬರೆಯುವುದು ಸುಲಭ. ಅವರು ಮಾಡಿಕೊಟ್ಟ ಫ್ಲೆಕ್ಸ್ ವಿನ್ಯಾಸವನ್ನೇ ಚಿತ್ರವಾಗಿ ಪುಟಕ್ಕೆ ಏರಿಸುವುದನ್ನಂತೂ ಮಾಡಬೇಡಿ. ರಸ್ತೆಯಲ್ಲಿ ಹತ್ತು ಅಡಿ ಇರುವ ಬರಹ ಫೋನಿನಲ್ಲಿ ಸಾಸಿವೆ ಕಾಳಾಗುತ್ತದೆ.

ವೇಗ ಅಳೆಯಲು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನವಿದೆ. ವಿಳಾಸ ಕೊಟ್ಟು ಮೊಬೈಲ್ ವಿಭಾಗ ನೋಡಿ. ಎಲ್‌ಸಿಪಿ, ಅಂದರೆ ಮುಖ್ಯ ಚಿತ್ರ ಕಾಣಿಸಲು ಹಿಡಿಯುವ ಹೊತ್ತು, 2.5 ಸೆಕೆಂಡ್ ಒಳಗಿರಬೇಕು. ಸಿಎಲ್‌ಎಸ್, ಅಂದರೆ ಪುಟ ತೆರೆಯುವಾಗ ಅದರ ಭಾಗಗಳು ಜಿಗಿದಾಡುವ ಪ್ರಮಾಣ, 0.1ರ ಒಳಗೆ. ಬಿಲ್ಡರ್ ಎಷ್ಟೇ ಒಳ್ಳೆಯದಿದ್ದರೂ ಫೋನಿನಿಂದ ತೆಗೆದ ಐದು ಎಂಬಿ ಫೋಟೊವನ್ನು ಹಾಗೇ ಏರಿಸಿದರೆ ಈ ಅಂಕಿ ಬರುವುದಿಲ್ಲ. ಅಗಲ 1,080 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅಥವಾ ಜೆಪಿಜಿಯಲ್ಲಿ 150 ಕೆಬಿ ಆಸುಪಾಸಿಗೆ ತನ್ನಿ. ತಾನಾಗಿ ಸರಿಯುವ ಸ್ಲೈಡರ್ ಬೇಡ, ಮೇಲ್ಭಾಗದಲ್ಲಿ ವಿಡಿಯೊ ಬೇಡ.

ವೇಗಕ್ಕೆ ಇಷ್ಟು ಒತ್ತು ಯಾಕೆಂದರೆ ಲೆಕ್ಕ ಹೀಗಿದೆ. ದಿನಕ್ಕೆ 300 ರೂ.ನಂತೆ ಹತ್ತು ದಿನ ಜಾಹೀರಾತು ಹಾಕಿದರೆ 3,000. ಕ್ಲಿಕ್ಕಿಗೆ 5 ರೂ. ಬಿತ್ತೆಂದುಕೊಳ್ಳಿ, 600 ಕ್ಲಿಕ್. ಪುಟ ತಡವಾಗಿ 200 ಜನ ಹಿಂದೆ ಸರಿದರೆ ಉಳಿದದ್ದು 400. ನೂರಕ್ಕೆ ಐವರು ಮೆಸೇಜ್ ಮಾಡಿದರೆ 20, ಐವರಲ್ಲಿ ಒಬ್ಬರು ಕೊಂಡರೆ 4 ಸೀರೆ. ಒಂದು ಸೀರೆಗೆ ಜಾಹೀರಾತು ಖರ್ಚು 750. ಆ 200 ಜನರನ್ನೂ ಉಳಿಸಿಕೊಂಡಿದ್ದರೆ 6 ಸೀರೆ, ತಲಾ 500. ನಿಮ್ಮ ಸೀರೆಯ ಲಾಭ 600 ಇದ್ದರೆ ಗಳಿಕೆಯೋ ನಷ್ಟವೋ ಎಂಬುದನ್ನು ನಿರ್ಧರಿಸುವುದು ಪುಟ ತೆರೆಯುವ ಹೊತ್ತು.

ಪುಟದ ಮೇಲೆ ಏನಿರಬೇಕು

ಮೊದಲ ನೋಟಕ್ಕೆ ಬೀಳುವ ಜಾಗದಲ್ಲಿ ಒಂದೇ ಫೋಟೊ, ಸೆರಗು ಹರಡಿದ್ದು. ಅದರ ಕೆಳಗೆ ಒಂದು ಸಾಲು: ಕೈಮಗ್ಗದ ಇಳಕಲ್ ಸೀರೆ, ಟೋಪ್ ತೆನಿ ಸೆರಗು, ಎಷ್ಟು ಗಜ, ಬೆಲೆ ಎಷ್ಟು, ಅಂಚೆ ಖರ್ಚು ಸೇರಿದೆಯೋ ಇಲ್ಲವೋ. ಕೂಡಲೇ ಬಟನ್. ಸ್ಕ್ರೋಲ್ ಮಾಡಿದರೂ ಕೆಳತುದಿಯಲ್ಲಿ ಬಟನ್ ಅಂಟಿಕೊಂಡೇ ಇರುವಂತೆ ಮಾಡಲು ಬಿಲ್ಡರ್‌ನಲ್ಲಿ ಅವಕಾಶವಿದ್ದರೆ ಬಳಸಿ. ಬೆಲೆ ಮುಚ್ಚಿಟ್ಟು ‘ವಿವರಕ್ಕೆ ಸಂಪರ್ಕಿಸಿ’ ಎನ್ನುವ ಚಾಳಿ ನಮ್ಮ ಕಡೆ ಬಹಳ. ಪ್ರತಿಸ್ಪರ್ಧಿ ನೋಡುತ್ತಾನೆಂಬ ಭಯ ಅದಕ್ಕೆ ಕಾರಣ. ಪ್ರತಿಸ್ಪರ್ಧಿಗೆ ನಿಮ್ಮ ಬೆಲೆ ಗೊತ್ತೇ ಇದೆ, ಗೊತ್ತಿಲ್ಲದಿರುವುದು ಗಿರಾಕಿಗೆ.

ಆಮೇಲೆ ಸಂದೇಹ ತೀರಿಸುವ ಭಾಗ. ಒಡಲು ಹತ್ತಿಯದೋ ರೇಷ್ಮೆಯದೋ, ಸೆರಗು ಯಾವುದರದು, ದಡಿ ಗೋಮಿಯೋ ಚಿಕ್ಕಿಯೋ, ರವಿಕೆ ಕಣ ಇದೆಯೋ, ಮೊದಲ ಸಲ ಹೇಗೆ ಒಗೆಯಬೇಕು. ಒಡಲಿನ ಎಳೆ, ಸೆರಗಿನ ಎಳೆ ಕೂಡುವ ಕೊಂಡಿಯ ಹತ್ತಿರದ ಫೋಟೊ ಒಂದು ಹಾಕಿ. ಇಳಕಲ್ ಸೀರೆ ಬಲ್ಲವರು ಮೊದಲು ನೋಡುವುದು ಅದನ್ನೇ. ಪವರ್‌ಲೂಮ್ ಮಾಲು ಮಾರುವುದಿದ್ದರೆ ಹಾಗೆಂದೇ ಬರೆದು ಬೇರೆ ಪುಟದಲ್ಲಿಡಿ. ಎರಡನ್ನೂ ಬೆರೆಸಿದರೆ ಅಗ್ಗದ್ದು ನೋಡಿ ಬಂದವರು ಕೈಮಗ್ಗದ ಬೆಲೆಗೆ ತಕರಾರು ತೆಗೆಯುತ್ತಾರೆ. ಫೋಟೊವನ್ನು ಹಗಲು ಬೆಳಕಿನಲ್ಲಿ, ನೆರಳಿನ ಜಾಗದಲ್ಲಿ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ದಾಳಿಂಬೆ ಕೆಂಪು ಗುಲಾಬಿಯಾಗಿ ಕಾಣುತ್ತದೆ, ವಾಪಸಾಗುವ ಸೀರೆಗಳಲ್ಲಿ ‘ಬಣ್ಣ ಬೇರೆ’ ಎಂಬ ದೂರು ಹುಟ್ಟುವುದು ಅಲ್ಲಿಂದ.

ಇಡೀ ದಾಸ್ತಾನನ್ನು ಪುಟಕ್ಕೆ ಏರಿಸಬೇಡಿ. ಕೈಮಗ್ಗದಲ್ಲಿ ಒಂದೊಂದು ಬಣ್ಣಕ್ಕೆ ಒಂದೆರಡು ಸೀರೆ ಮಾತ್ರ ಇರುತ್ತವೆ, ಮಾರಿದ್ದನ್ನು ದಿನವೂ ತೆಗೆಯುತ್ತ ಕೂರಬೇಕಾಗುತ್ತದೆ. ನಾಲ್ಕೈದು ಮಾದರಿ ಪುಟದಲ್ಲಿರಲಿ, ಉಳಿದದ್ದು ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ.

ವಾಟ್ಸಾಪ್ ಬಟನ್‌ಗೆ ಕೊಡುವ ಲಿಂಕ್‌ನಲ್ಲಿ ನಂಬರ್ 91ರಿಂದ ಶುರುವಾಗಿ ಒಟ್ಟು ಹನ್ನೆರಡು ಅಂಕಿ ಇರಬೇಕು. ಮುಂದೆ ಪ್ಲಸ್ ಚಿಹ್ನೆ, ಸೊನ್ನೆ, ನಡುವೆ ಖಾಲಿ ಜಾಗ ಯಾವುದೂ ಬೇಡ. ಅಲ್ಲಿ ತಪ್ಪಿದರೆ ನಂಬರ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ, ಗಿರಾಕಿ ಹೋದಂತೆಯೇ. ಲಿಂಕ್‌ನ ಕೊನೆಗೆ ಮೊದಲೇ ತುಂಬಿದ ಮೆಸೇಜ್ ಸೇರಿಸಬಹುದು. ಅದರಲ್ಲಿ ಒಂದು ಗುರುತು ಇಡಿ: ಕನ್ನಡ ಪುಟದಿಂದ ಬಂದವರಿಗೆ ‘ಇಳಕಲ್ ಸೀರೆ ಬೇಕು, ಕ-1’, ಮರಾಠಿ ಪುಟದವರಿಗೆ ‘ಮ-1’ ಎಂದು. ಚಾಟ್‌ಗೆ ಲೇಬಲ್ ಹಚ್ಚಿಟ್ಟರೆ ತಿಂಗಳ ಕೊನೆಗೆ ಯಾವ ಜಾಹೀರಾತಿನಿಂದ ಎಷ್ಟು ಸೀರೆ ಹೋಯಿತೆಂದು ಎಣಿಸಬಹುದು. ಪಿಕ್ಸೆಲ್ ಹೇಳುವುದು ಬಟನ್ ಒತ್ತಿದವರ ಲೆಕ್ಕ. ಕೊಂಡವರ ಲೆಕ್ಕ ಇರುವುದು ನಿಮ್ಮ ಚಾಟ್‌ನಲ್ಲಿ.

ಸೋಲಾಪುರ, ಕೊಲ್ಹಾಪುರದವರಿಗೆ ಬೇರೆಯೇ ಪುಟ ಮಾಡಿ, ಜಾಹೀರಾತೂ ಬೇರೆ. ಅವರು ಈ ಸೀರೆಯನ್ನು ‘ಇರಕಲ್’ ಎಂದೇ ಕರೆಯುವುದು, ತಲೆಬರಹದಲ್ಲಿ ಅದೇ ಇರಲಿ. ಆ ಕಡೆ ಒಂಬತ್ತು ಗಜದ ಸೀರೆಗೆ ಗಿರಾಕಿ ಹೆಚ್ಚು, ಅದನ್ನೇ ಮುಂದಿಡಿ. ತಾನಾಗಿ ಅನುವಾದಿಸುವ ವಿಜೆಟ್ ಹಾಕಬೇಡಿ. ಪುಟ ಭಾರವಾಗುತ್ತದೆ, ‘ದಡಿ’, ‘ಸೆರಗು’ಗಳ ಜಾಗದಲ್ಲಿ ಏನೇನೋ ಬರುತ್ತದೆ. ಬೆಳಗಾವಿ, ನಿಪ್ಪಾಣಿ ಕಡೆಯ ಪರಿಚಯದವರಿಂದ ಹತ್ತು ಸಾಲು ಮರಾಠಿ ಬರೆಸಿಕೊಂಡರೆ ಮುಗಿಯಿತು. ಹೀಗಾಗಿ ಬಿಲ್ಡರ್ ಆರಿಸುವಾಗ ಒಂದು ಪುಟವನ್ನು ನಕಲು ಮಾಡಿ ಎರಡನೆಯದು ಮಾಡುವ ಸೌಲಭ್ಯ ಇದೆಯೇ, ಅದಕ್ಕೆ ಹೆಚ್ಚುವರಿ ಹಣ ಕೇಳುತ್ತಾರೆಯೇ ಎಂದು ನೋಡಿ.

ಹಣ ತಗೊಳ್ಳುವ ಬಗೆ

ಪುಟದಲ್ಲಿ ಯುಪಿಐ ಕ್ಯೂಆರ್ ಚಿತ್ರ ಹಾಕುವವರು ಒಂದು ಮರೆಯುತ್ತಾರೆ: ನೋಡುತ್ತಿರುವವರು ಅದೇ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡುವುದು ಹೇಗೆ? ಶುರುವಿಗೆ ಚಾಟ್‌ನಲ್ಲಿ ಸೀರೆ ಖಚಿತವಾದ ಮೇಲೆ ಯುಪಿಐ ವಿವರ ಕಳಿಸುವುದೇ ಸಾಕು. ದಿನಕ್ಕೆ ಐದಾರು ಆರ್ಡರ್ ದಾಟಿದಾಗ ರೇಜರ್‌ಪೇಯಂಥ ಗೇಟ್‌ವೇಯ ಪೇಮೆಂಟ್ ಪೇಜ್ ಮಾಡಿ ಬಟನ್‌ಗೆ ಜೋಡಿಸಬಹುದು. ಅದನ್ನು ಮಾಡಲು ಪ್ರತ್ಯೇಕ ಶುಲ್ಕವಿಲ್ಲ, ಪ್ರತಿ ವ್ಯವಹಾರಕ್ಕೆ ಸಾಮಾನ್ಯವಾಗಿ ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ. 3,000 ರೂ. ಸೀರೆಗೆ 70 ರೂಪಾಯಿ 80 ಪೈಸೆ ಹೋಗುತ್ತದೆ. ಅವರ ಪರಿಶೀಲನೆಗೆ ಪಾನ್, ಬ್ಯಾಂಕ್ ಖಾತೆಯ ಜೊತೆ ಪುಟದಲ್ಲಿ ವಿಳಾಸ, ವಾಪಸು ನಿಯಮ, ಸಾಗಣೆ ನಿಯಮ, ಗೌಪ್ಯತೆ ನಿಯಮ ಇರಬೇಕು. ಆನ್‌ಲೈನ್ ಮಾರಾಟಕ್ಕೆ ಅನ್ವಯಿಸುವ 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳೂ ಹೆಸರು, ವಿಳಾಸ, ದೂರು ಕೇಳುವವರ ವಿವರ ತೋರಿಸಬೇಕೆನ್ನುತ್ತವೆ. ಮಹಾರಾಷ್ಟ್ರಕ್ಕೆ ಮಾಲು ಕಳಿಸುವುದು ಅಂತರರಾಜ್ಯ ವ್ಯವಹಾರ, ಜಿಎಸ್‌ಟಿ ನೋಂದಣಿ ಬಗ್ಗೆ ನಿಮ್ಮ ಲೆಕ್ಕಪತ್ರ ನೋಡುವವರನ್ನು ಜಾಹೀರಾತಿಗೆ ಮುಂಚೆಯೇ ಕೇಳಿ.

ಕ್ಯಾಶ್ ಆನ್ ಡೆಲಿವರಿ ಎಂದು ಪುಟದಲ್ಲಿ ದೊಡ್ಡದಾಗಿ ಬರೆಯಬೇಡಿ. ಬಾಗಿಲಲ್ಲಿ ಬೇಡವೆಂದರೆ ಹೋಗುವ, ಬರುವ ಎರಡೂ ಖರ್ಚು ನಿಮ್ಮದೇ.

ಆ 25 ಸಾವಿರ ಮತ್ತು ವಿಳಾಸದ ಒಡೆತನ

ಮಗನಿಗೆ ಪುರುಸೊತ್ತಿಲ್ಲದೆ ಬಾಗಲಕೋಟೆಯವರಿಗೇ ಕೆಲಸ ಕೊಡುವಿರಾದರೆ ಮೊದಲು ಬರಹದಲ್ಲಿ ಕೇಳಬೇಕಾದ್ದು ಡೊಮೇನ್ ಬಗ್ಗೆ. ಅದನ್ನು ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರ್ ಕೊಟ್ಟು ನೀವೇ ಕೊಳ್ಳಿ. ಮಾಡಿಕೊಡುವವರ ಖಾತೆಯಲ್ಲಿ ಕೊಂಡರೆ ವಿಳಾಸದ ಹಿಡಿತ ಅವರದು. ನಾಳೆ ಅವರು ಫೋನ್ ಎತ್ತದಿದ್ದರೆ ಪಾರ್ಸೆಲ್, ವಿಸಿಟಿಂಗ್ ಕಾರ್ಡ್, ಅಂಗಡಿ ಬೋರ್ಡಿನ ಮೇಲೆ ಅಚ್ಚಾದ ವಿಳಾಸವೆಲ್ಲ ದಂಡ. ಬಿಲ್ಡರ್‌ನ ಲಾಗಿನ್ ನಿಮ್ಮ ಕೈಗೆ ಬರಬೇಕು, ಎರಡನೇ ವರ್ಷದಿಂದ ಎಷ್ಟು ಕಟ್ಟಬೇಕೆಂದು ಅಂಕಿಯಲ್ಲಿ ಬರೆದು ಕೊಡಬೇಕು, ಬೆಲೆ ಬದಲಿಸಲು ಪ್ರತಿಸಲ ಅವರನ್ನು ಕಾಯುವಂತಿರಬಾರದು. ಇಷ್ಟಕ್ಕೆ ಒಪ್ಪಿ, ಫೋಟೊ ಕೆಲಸವನ್ನೂ ಸೇರಿಸಿಕೊಂಡರೆ ಎಂಟು ಹತ್ತು ಸಾವಿರ ಕೊಡುವುದು ನ್ಯಾಯ.

ಡಾಟ್ ಇನ್ ವಿಳಾಸದ ಮೊದಲ ವರ್ಷದ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ನೋಡಿ. ಕನ್ನಡದಲ್ಲೇ ‘ಡಾಟ್ ಭಾರತ’ ವಿಳಾಸವೂ ಸಿಗುತ್ತದೆ. ಆದರೆ ಕೆಲವು ಆಪ್‌ಗಳಲ್ಲಿ ಅಂಟಿಸಿದಾಗ ಅದು ಎಕ್ಸ್‌ಎನ್ ಎಂದು ಶುರುವಾಗುವ ಉದ್ದನೆಯ ರೋಮನ್ ಅಕ್ಷರಮಾಲೆಯಾಗಿ ಕಾಣುತ್ತದೆ, ಜನ ಮೋಸದ ಲಿಂಕ್ ಎಂದು ಹೆದರುತ್ತಾರೆ. ಸದ್ಯಕ್ಕೆ ಸರಳ ಇಂಗ್ಲಿಷ್ ಕಾಗುಣಿತದ ಹೆಸರೇ ಇರಲಿ, ಫೋನಿನಲ್ಲಿ ಒಂದು ಸಲ ಹೇಳಿದರೆ ಬರೆದುಕೊಳ್ಳುವಂಥದ್ದು.

ಡೊಮೇನ್ ನಿಮ್ಮದಾಗಿದ್ದರೆ ಬಿಲ್ಡರ್ ತಪ್ಪಿದರೂ ದೊಡ್ಡ ನಷ್ಟವಿಲ್ಲ. ಮುಂದೆ ಆನ್‌ಲೈನ್ ಅಂಗಡಿ ಕಟ್ಟುವ ಶಾಪಿಫೈಗೋ ವರ್ಡ್‌ಪ್ರೆಸ್‌ಗೋ ಹೋಗುವಾಗ ಡೊಮೇನ್ ಕೊಂಡಲ್ಲಿ ಲಾಗಿನ್ ಆಗಿ, ವಿಳಾಸ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎ ಮತ್ತು ಸಿನೇಮ್ ದಾಖಲೆ ಬದಲಿಸಿದರೆ ಅದೇ ವಿಳಾಸ ಹೊಸ ಪುಟಕ್ಕೆ ತಿರುಗುತ್ತದೆ. ಕೆಲವು ಗಂಟೆ ಹಿಡಿಯಬಹುದು, ಕೆಲವೊಮ್ಮೆ ಎರಡು ದಿನ. ಆದ್ದರಿಂದ ಜಾಹೀರಾತು ಓಡುತ್ತಿರುವ ವಾರದಲ್ಲಿ ಇದಕ್ಕೆ ಕೈಹಾಕಬೇಡಿ. ಬದಲಿಸುವ ಮುಂಚೆ ಹಳೆಯ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಅದೇ ಡೊಮೇನ್‌ನಲ್ಲಿ ಇಮೇಲ್ ಇದ್ದರೆ ಎಂಎಕ್ಸ್ ಎಂದಿರುವ ಸಾಲುಗಳನ್ನು ಮುಟ್ಟಬೇಡಿ, ಅವು ಹೋದರೆ ಬರುವ ಮೇಲ್ ನಿಲ್ಲುತ್ತದೆ.